ಕಿಟಕಿಯಲ್ಲಿ ಮೂರು ಬಿಳಿ ಬಾಟ್ಲಿಗಳು

ಕೈ ಸುಮ್ಮನಿರದವನಿಗೆ ಯಾರೂ ಕೆಲಸ ಕೊಡಬಾರದು. ಇದನ್ನು ನನ್ನನ್ನೇ ಕುರಿತು ಹೇಳುತ್ತಿದ್ದೇನೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನಾದರೂ, ಜಮಖಂಡಿಯ ಹಾಯಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ ಜವಾನನಾದ ನಾನು ಒರೆಸಿದ ಗಾಜಿನಲ್ಲಿ ಮುಖ ನೋಡಿ ಕ್ಷೌರ ಮಾಡಿಕೊಳ್ಳಬಹುದಿತ್ತು. ಆ ವರ್ಷ ಬಿಜಾಪುರದಿಂದ ತಪಾಸಣೆಗೆ ಸಾಹೇಬರು ಬರುವವರಿದ್ದರು. ಅವರು ಮೆಚ್ಚಿದರೆ ನನ್ನ ನೌಕರಿ ಕಾಯಂ. ವಿಜ್ಞಾನದ ದೇಶಪಾಂಡೆ ಮಾಸ್ತರರು ಅವರಿಗೊಂದು ಪ್ರಯೋಗ ತೋರಿಸುವವರಿದ್ದರು: ಗಾಜಿನ ಕೊಳವೆಗೆ ಸೀಮೆಸುಣ್ಣದ ಪುಡಿ ತುಂಬಿ, ಮೇಲೆ ಎಲೆಯ ರಸ ಬಿಟ್ಟು, ಈಥರ್ ಹನಿಸಿದರೆ ಹಸಿರು ಬೇರೆ, ಹಳದಿ ಬೇರೆಯಾಗಿ ಬನಹಟ್ಟಿ ಸೀರೆಯಂಚಿನ ದಡಿಯ ಹಾಗೆ ಇಳಿಯುತ್ತದೆ.

ಮುಂಬೈಯಿಂದ ಬಂದ ಈಥರಿನ ನಾಲ್ಕು ಬಾಟ್ಲಿಗಳೂ ಕಂದು ಬಣ್ಣದವು, ನೋಡಲು ಹೊಲಸು. ಮಾಸ್ತರರು ಹದಿನೈದು ದಿನ ರಜೆ ಹೋದದ್ದೇ ತಡ, ಉಪ್ಪಿನಕಾಯಿ ಭರಣಿಗೆ ಬಿಸಿಲು ತೋರಿಸುವ ಮನೆಯಲ್ಲಿ ಬೆಳೆದ ನಾನು ದೊಡ್ಡ ಬಿಳಿ ಗಾಜಿನ ಬಾಟ್ಲಿಗಳನ್ನು ತೊಳೆದು ಒಣಗಿಸಿ, ಈಥರನ್ನು ಅವಕ್ಕೆ ಸುರಿದು ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಮೂರು ಮುಗಿಯುವಷ್ಟರಲ್ಲಿ ಮನೆಯಿಂದ ಬುತ್ತಿ ಬಂತು. ಎಣ್ಣೆಗಾಯಿ, ನಾಲ್ಕು ರೊಟ್ಟಿ. ಉಂಡು ಕಪಾಟಿಗೆ ಒರಗಿದವನಿಗೆ ಕಣ್ಣು ಹತ್ತಿತು. ಎದ್ದ ಮೇಲೆ ಮರೆತೇಹೋಗಿ ನಾಲ್ಕನೆಯದು ಕಪಾಟಿನೊಳಗೇ ಉಳಿಯಿತು.

ತಪಾಸಣೆಯ ಹಿಂದಿನ ದಿನ ಮಾಸ್ತರರು ಬಂದರು. ಕಿಟಕಿ ನೋಡಿ, ಇದನ್ನು ಯಾರು ಮಾಡಿದರೆಂದು ಮೆಲ್ಲಗೆ ಕೇಳಿದರು. ಶಾಬಾಸಗಿರಿಗೆ ಕಾಯುತ್ತ ನಾನೇರಿ ಎಂದೆ.

"ಬಾಳಪ್ಪಾ, ಈಥರ್ ಗಾಳಿ ಬೆಳಕು ಕಂಡ್ರ ಒಳಗೊಳಗ ಕೆಡ್ತದ. ಕೆಟ್ಟಿದ್ದನ್ನ ಕಾಸಲಿಕ್ಕೆ ಹೋದ್ರ ಸಿಡೀತದ. ನಾ ಇವತ್ತ ಅದನ್ನ ಕಾಸಿ ಶುದ್ಧ ಮಾಡಾಂವ ಇದ್ದೆ."

ಆಮೇಲೆ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಬಾಗಿಲ ತನಕ ಹೋದೆ, ಬಂದೆ. ಟೊಪ್ಪಿಗೆ ತೆಗೆದು ಬಾಟ್ಲಿಗಳಿಗೆ ನೆರಳು ಹಿಡಿದೆ. ಮುಟ್ಟದೆ ಸುಮ್ಮನೆ ಕೂಡು ಎಂದರು ಮಾಸ್ತರರು. ಜನ್ಮದಲ್ಲಿ ನಾನು ಕಲಿಯದ ವಿದ್ಯೆ ಅದೊಂದೇ. ಅವರು ಒಂದೊಂದು ಬಾಟ್ಲಿಯಿಂದ ತುಸು ತೆಗೆದು, ಅಯೋಡೈಡಿನ ನೀರು ಬೆರೆಸಿ ನೋಡಿದರು. ಈಥರ್ ಒಳ್ಳೆಯದಿದ್ದರೆ ಬಣ್ಣ ಬರಬಾರದು. ಒಂದು ಹಳದಿಯಾಯಿತು. ಎರಡನೆಯದೂ. ಮೂರನೆಯದಂತೂ ಅರಿಷಿಣ ಕದಡಿದ ಹಾಗೆ.

"ನಾಲ್ಕನೇದ್ದು ಎಲ್ಲದ?"

"ಅದು... ಉಳದೈತ್ರಿ," ಎಂದೆ, ತಲೆ ತಗ್ಗಿಸಿ.

ಅದಕ್ಕೆ ಬಣ್ಣ ಬರಲಿಲ್ಲ. ಮರುದಿನ ಕೊಳವೆಯಲ್ಲಿ ದಡಿ ಚೆಂದಾಗಿ ಇಳಿಯಿತು. ಸಾಮಾನು ಜೋಪಾನ ಮಾಡುವವರು ಯಾರೆಂದು ಸಾಹೇಬರು ಕೇಳಿದಾಗ ಮಾಸ್ತರರು ನಗದೆ ನನ್ನತ್ತ ಕೈ ತೋರಿಸಿದರು: "ಇಂವಾರೀ. ಇದೊಂದನ್ನ ಬೆಳಕಿಗೆ ತೋರಿಸದ ಇಟ್ಟಿದ್ದ." ನಾನು ಎದೆ ಸೆಟೆಸಿ ನಿಂತೆ.

ನೌಕರಿ ಕಾಯಂ ಆದದ್ದು ಮೈಮುರಿದು ದುಡಿದದ್ದಕ್ಕೆ ಎಂದೇ ಹೆಂಡತಿಗೆ ಹೇಳಿದ್ದೇನೆ. ನಿದ್ದೆಯ ಸಂಗತಿ ಬರೆದದ್ದು ಇಲ್ಲಿ ಮಾತ್ರ. ಆಕೆ ನನಗಿಂತ ಎರಡು ಇಯತ್ತೆ ಹೆಚ್ಚು ಓದಿದವಳೆಂಬುದು ಈಗ ನೆನಪಾಗುತ್ತಿದೆ.