ನಗುವುದನ್ನು ಮರೆತ ಹೆಣ

ಪೀಣ್ಯದಲ್ಲಿ ಕೆಲಸ ಮಾಡುವವರಿಗೆ ಸಿನಿಮಾದವರು ಎದುರಾಗುತ್ತಲೇ ಇರುತ್ತಾರೆ. ಇಲ್ಲಿ ಮುಚ್ಚಿದ ಶೆಡ್‌ಗಳಿವೆ, ಅವರಿಗೆ ಫೈಟಿಂಗ್ ತೆಗೆಯಲು ಅಂಥವೇ ಬೇಕು. ನಾನು ಲೇತ್ ಆಪರೇಟರ್, ಅಂದರೆ ಕಬ್ಬಿಣ ಕಡೆಯುವ ಯಂತ್ರ ನಡೆಸುವವನು. ನಟನಲ್ಲ. ಆದರೂ ಒಂದು ಸಿನಿಮಾದಲ್ಲಿ ನಟಿಸಿದ್ದೇನೆ. ಒಂದೇ.

1. ಮುಖ

ಟೀ ಕುಡಿಯಲು ಹೊರಗೆ ಬಂದಿದ್ದೆ. ಪಕ್ಕದ ಶೆಡ್‌ನಲ್ಲಿ ಶೂಟಿಂಗ್ ನಡೆಯುತ್ತಿತ್ತು. ಅಲ್ಲಿಂದ ಬಂದ ಸಹಾಯಕ ನಿರ್ದೇಶಕ ನನ್ನನ್ನೇ ದಿಟ್ಟಿಸಿ ನೋಡಿ, ಹೀರೋನ ಅಪ್ಪನ ಪಾತ್ರ ಮಾಡುತ್ತೀರಾ ಎಂದು ಕೇಳಿದ. ಬರಬೇಕಿದ್ದ ನಟ ಬಂದಿರಲಿಲ್ಲವಂತೆ. ಡೈಲಾಗ್ ಎಷ್ಟಿದೆ ಎಂದು ವಿಚಾರಿಸಿದೆ.

"ಡೈಲಾಗ್ ಇಲ್ಲ ಸಾರ್. ನೀವು ಆಗ್ಲೇ ತೀರ್ಕೊಂಡಿರ್ತೀರ."

ನನ್ನ ಮುಖ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದೂ ಸೇರಿಸಿದ. ಹೊಗಳಿಕೆ ಎಂದೇ ತೆಗೆದುಕೊಂಡೆ. ನಮ್ಮ ಓನರ್ ಹತ್ತಿರ ಹೋಗಿ, ಸ್ವಲ್ಪ ಹೊತ್ತು ಹೆಣವಾಗಿ ಬರುತ್ತೇನೆ ಎಂದು ಅನುಮತಿ ಕೇಳಿದೆ. ಅವರು ತಲೆ ಎತ್ತಲೂ ಇಲ್ಲ.

"ಕೈಯಲ್ಲಿರೋ ಕೆಲ್ಸ ಮುಗ್ಸಿ ಸಾಯ್ರಿ."

2. ಸದ್ದು

ಚಟ್ಟದ ಮೇಲೆ ಮಲಗಿಸಿ, ಹಾರ ಹಾಕಿ, ಮೂಗಿಗೆ ಹತ್ತಿ ಇಟ್ಟರು. ಉಸಿರಾಟ ಬಾಯಿಂದ, ಅದೂ ಕದ್ದು. ಹೀರೋ ನನ್ನ ಎದೆಯ ಮೇಲೆ ಬಿದ್ದು ಅಳಲು ಶುರುಮಾಡಿದ. ಅದೇ ಹೊತ್ತಿಗೆ ಗೋಡೆಯಾಚೆ ನನ್ನ ಲೇತ್ ಕಿರುಚಿತು. ಯಾರೋ ಅದನ್ನು ಸಿಕ್ಕಾಪಟ್ಟೆ ಜೋರಾಗಿ ಓಡಿಸುತ್ತಿದ್ದರು. ಹಾಗೆ ಓಡಿಸಿದರೆ ಟೂಲ್ ಮುರಿಯುತ್ತದೆ, ಮುರಿದರೆ ಬೈಸಿಕೊಳ್ಳುವವನು ನಾನು. ನನಗೇ ಗೊತ್ತಿಲ್ಲದೆ ಎದ್ದು ಕುಳಿತು, "ಲೋ, ಸ್ಪೀಡ್ ಕಮ್ಮಿ ಮಾಡ್ರೋ" ಎಂದು ಕೂಗಿದೆ.

ಹೀರೋ ಹಿಂದಕ್ಕೆ ಬಿದ್ದ. ನಿರ್ದೇಶಕರು ಬಂದು ಮೆಲ್ಲಗೆ ಹೇಳಿದರು: "ಸತ್ತೋರಿಗೆ ಡ್ಯೂಟಿ ಇರಲ್ಲ ಸಾರ್. ಮಲ್ಕೊಳ್ಳಿ."

3. ನಗು

ಸಿನಿಮಾದವರಲ್ಲಿ ಒಂದು ಪದ್ಧತಿ ಇದೆ. ಹೆಣದ ಪಾತ್ರ ಮಾಡಿದವರು ಕೊನೆಗೆ ಕ್ಯಾಮೆರಾ ನೋಡಿ ನಗಬೇಕು. ಅದನ್ನೂ ಶೂಟ್ ಮಾಡಿದರೆ ಅಪಶಕುನ ಕಳೆಯುತ್ತದಂತೆ. ಆವತ್ತು ಗಡಿಬಿಡಿಯಲ್ಲಿ ಎಲ್ಲರೂ ಮರೆತರು. ನನಗಂತೂ ಗೊತ್ತೇ ಇರಲಿಲ್ಲ.

ಗೊತ್ತಿದ್ದದ್ದು ನನ್ನ ಹೆಂಡತಿಗೆ, ಟಿವಿ ನೋಡಿ. ಹೆಣವಾದ ಸುದ್ದಿ ಫೋನಿನಲ್ಲೇ ಹೇಳಿದ್ದೆ. ಮನೆಗೆ ಬಂದು ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ನಕ್ಕ್ರಾ?"

ಇಲ್ಲ ಎಂದೆ.

"ನಗ್ದೇ ಎದ್ದು ಬಂದ್ಬಿಟ್ರಾ?"

ಅವಳು ನಿಜಕ್ಕೂ ಹೆದರಿದ್ದಳು. ನಾನು ಕೆಮ್ಮಿದರೆ ದೇವರ ಫೋಟೊ ನೋಡುತ್ತಿದ್ದಳು. ಬೈಕ್ ಕೀ ಕಿತ್ತುಕೊಂಡಳು. ನಾನು ಮೆಟ್ರೊದಲ್ಲಿ ನಿಂತುಕೊಂಡು ಫ್ಯಾಕ್ಟರಿಗೆ ಹೋಗತೊಡಗಿದೆ.

ಕೊನೆಗೆ ಅವಳೇ ನನ್ನನ್ನು ಇನ್ನೂ ನಡೆಯುತ್ತಿದ್ದ ಆ ಶೂಟಿಂಗ್‌ಗೆ ಎಳೆದುಕೊಂಡು ಹೋದಳು. ಕ್ಯಾಮೆರಾಮನ್ ಒಳ್ಳೆಯವರು, ಒಪ್ಪಿದರು. ಅದೇ ಚಟ್ಟ, ಅದೇ ಹಾರ, ಅದೇ ಹತ್ತಿ ಇರಬೇಕೆಂದು ಇವಳು ಹಟ ಹಿಡಿದಳು. ಎಲ್ಲ ಸಿದ್ಧವಾಯಿತು. ನಗು ಮಾತ್ರ ಬರಲಿಲ್ಲ, ಎಲ್ಲರೂ ಕಾಯುತ್ತಿದ್ದರೆ ಹೇಗೆ ಬರುತ್ತದೆ? ಆಗ ಕ್ಯಾಮೆರಾ ಹಿಂದಿನಿಂದ ಅವಳ ದನಿ ಕೇಳಿಸಿತು.

"ನಕ್ಕ್ರೆ ಬೈಕ್ ಕೀ ಕೊಡ್ತೀನಿ."

ಕಣ್ಣು ಬಿಟ್ಟು, ಇದ್ದಬದ್ದ ಹಲ್ಲೆಲ್ಲ ತೋರಿಸಿ ನಕ್ಕೆ. ಆದರೆ ಮನೆಗೆ ಬಂದಮೇಲೂ ಕೀ ಸಿಗಲಿಲ್ಲ. ಕ್ಯಾಮೆರಾ ಆನ್ ಇತ್ತೋ, ಸುಮ್ಮನೆ ನಮ್ಮನ್ನು ಸಾಗಹಾಕಿದರೋ ಎಂದು ಅವಳಿಗೆ ಅನುಮಾನ.

4. ಥಿಯೇಟರ್

ಸಿನಿಮಾ ಬಂತು. ಇಬ್ಬರೂ ಹೋದೆವು. ಮೆಟ್ರೊದಲ್ಲೇ.

ಪರದೆಯ ಮೇಲೆ ನಾನು ಸತ್ತು ಮಲಗಿದ್ದೆ. ಹೀರೋ ಚೆನ್ನಾಗಿ ಅಳುತ್ತಿದ್ದ, ಹಿಂದಿನ ಸೀಟಿನವರೂ ಮೂಗು ಒರೆಸಿಕೊಳ್ಳುತ್ತಿದ್ದರು. "ಒಂದೇ ಒಂದ್ಸಲ ಕಣ್ಬಿಡಪ್ಪಾ" ಎಂದು ಹೀರೋ ಬೇಡಿಕೊಂಡ.

ನಾನು ಕಣ್ಣು ಬಿಟ್ಟು, ಹಲ್ಲೆಲ್ಲ ತೋರಿಸಿ ನಕ್ಕೆ.

ಅದೇ ಚಟ್ಟ, ಅದೇ ಹಾರ ಇದ್ದುದರಿಂದ ಎಡಿಟಿಂಗ್ ಮಾಡುವಾಗ ಆ ತುಣುಕೂ ಸೇರಿಹೋಗಿತ್ತು.  ಥಿಯೇಟರ್ ತುಂಬ ಶಿಳ್ಳೆ, ಚಪ್ಪಾಳೆ, ಬಿದ್ದು ಬಿದ್ದು ನಗು. ನನ್ನ ಸಿನಿಮಾ ಬದುಕು ಅಲ್ಲಿಗೆ ಮುಗಿಯಿತೆಂದು ತಿಳಿದು ಸೀಟಿನಲ್ಲಿ ಕುಗ್ಗಿ ಕುಳಿತೆ.

ಅಷ್ಟೂ ಜನರಲ್ಲಿ ನನ್ನ ಹೆಂಡತಿಯೊಬ್ಬಳೇ ನಗಲಿಲ್ಲ. ದೀರ್ಘವಾಗಿ ಉಸಿರು ಬಿಟ್ಟು, ಪರ್ಸ್ ತೆಗೆದು, ಬೈಕ್ ಕೀ ನನ್ನ ಅಂಗೈಯಲ್ಲಿಟ್ಟಳು.

"ರೆಕಾರ್ಡ್ ಆಗಿದೆ ಕಣ್ರೀ."