ಡ್ರಿಲ್ ಮೇಷ್ಟ್ರ ಸಕ್ಕರೆ ನಿಷೇಧ

ಬಸಿರಿ ಹೆಂಡತಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದೆ ಎಂದು ಡಾಕ್ಟರಮ್ಮ ಹೇಳಿದ ದಿನವೇ ಡ್ರಿಲ್ ಮೇಷ್ಟ್ರು ಮನೆಯಲ್ಲಿ ತುರ್ತುಪರಿಸ್ಥಿತಿ ಘೋಷಿಸಿದರು. ಸಕ್ಕರೆ, ಬೆಲ್ಲ, ಬಿಸ್ಕತ್ತು ಎಲ್ಲಕ್ಕೂ ಗಡೀಪಾರು. (ಬಿಸ್ಕತ್ತು ಮಾತ್ರ ಅವರ ಹೊಟ್ಟೆಯ ಮೂಲಕವೇ ಗಡಿ ದಾಟಿತು.) ಪಕ್ಕದ ಮನೆ ಅಜ್ಜಿಗೂ ತಾಕೀತಾಯಿತು. "ಇವಳು ಕೇಳಿದ್ರೆ ಸಕ್ಕರೆ ಕೊಡಬೇಡಿ. ಇವಳ ಮುಖ ನೋಡಿ ಕರಗಿ ನಾನೇ ಬಂದು ಅತ್ತರೂ ಕೊಡಬೇಡಿ!"

ನಗುವವರು ನಗಲಿ. ಹೋದ ಸಲ ಹುಟ್ಟಿದ ಮಗು ಅಳಲೇ ಇಲ್ಲ. ಬಟ್ಟೆಯಲ್ಲಿ ಸುತ್ತಿದ ಅದನ್ನು ಎದೆಗವಚಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದಿದ್ದ ಮನುಷ್ಯ, ಈಗ ತಮ್ಮ ಭಯಕ್ಕೆ ಶಿಸ್ತು ಅಂತ ಹೆಸರಿಟ್ಟಿದ್ದರು.

ಆ ಬೆಳಿಗ್ಗೆ ಅವಳು ಇನ್ಸುಲಿನ್ ಚುಚ್ಚಿಕೊಂಡು ತಟ್ಟೆಯ ಮುಂದೆ ಕೂರುವಷ್ಟರಲ್ಲಿ ಮೇಷ್ಟ್ರು ಸೀಟಿ ಊದಿದರು.

"ಮೊದಲು ವಾಕಿಂಗು!"

"ರೀ, ಚುಚ್ಚಿಕೊಂಡ ಮೇಲೆ ತಿನ್ನೋದು ತಡ ಮಾಡಬಾರದು ಅಂದಿದ್ರು ಡಾಕ್ಟ್ರು," ಎಂದಳು ನಡುಮನೆಯಲ್ಲಿ ಒಂದು ಸುತ್ತು ಮುಗಿಸಿ.

"ಸೋಮಾರಿಗಳಿಗೆ ಬೇಕಾದ್ದೇ ಕೇಳಿಸೋದು. ಹೂಂ, ಇನ್ನೊಂದು ಸುತ್ತು!"

ಆ ಇನ್ನೊಂದು ಸುತ್ತು ಮುಗಿಯಲಿಲ್ಲ. ಅವಳ ಕೈ ನಡುಗಿತು, ಕುಪ್ಪಸ ಬೆವರಿನಲ್ಲಿ ತೊಯ್ದುಹೋಯಿತು. "ಸಕ್ಕರೆ..." ಎನ್ನುತ್ತ ಗೋಡೆ ಹಿಡಿದು ಕುಸಿದಳು. ಮೇಷ್ಟ್ರು ಅಡುಗೆಮನೆಗೆ ಓಡಿ ಡಬ್ಬಿಗಳನ್ನೆಲ್ಲ ಬುಡಮೇಲು ಮಾಡಿದರು. ತಮ್ಮ ಆಡಳಿತ ಇಷ್ಟು ಅಚ್ಚುಕಟ್ಟೆಂದು ಅವರಿಗೇ ಗೊತ್ತಿರಲಿಲ್ಲ. ಇರುವೆಗಳೂ ಮನೆ ಖಾಲಿ ಮಾಡಿದ್ದವು. ಪಕ್ಕದ ಮನೆ ಬಾಗಿಲಿಗೆ ಓಡಿದರು.

"ಅಜ್ಜೀ, ಸಕ್ಕರೆ!"

"ಕೊಡಲ್ಲಪ್ಪ."

"ಅವಳು ಬಿದ್ದುಬಿಟ್ಟಿದ್ದಾಳೆ ಅಜ್ಜಿ!" ಮೇಷ್ಟ್ರು ಗೊಳೋ ಎಂದರು.

"ಎಷ್ಟು ಚೆನ್ನಾಗಿ ಅಳ್ತೀರಿ! ನೀವೇ ಹೇಳಿರಲಿಲ್ವಾ?"

ಜೀವಮಾನದಲ್ಲಿ ಸಾಲು ಮುರಿಯದ ಮನುಷ್ಯ ಅಜ್ಜಿಯನ್ನು ಸರಿಸಿ ಒಳನುಗ್ಗಿ, ಡಬ್ಬಿ ಕಿತ್ತುಕೊಂಡು ಓಡಿದರು. "ಕಳ್ಳ! ಕಳ್ಳ!" ಎಂದು ಬೆನ್ನಟ್ಟಿ ಬಂದ ಅಜ್ಜಿ, ಬಾಗಿಲಲ್ಲೇ ಬಾಯಿ ಮುಚ್ಚಿದಳು. ಸಕ್ಕರೆ ನೀರು ಕಲಕಿದವಳು ಅಜ್ಜಿಯೇ. ಮೇಷ್ಟ್ರು ಹೆಂಡತಿಯ ತಲೆಯನ್ನು ತೊಡೆಯ ಮೇಲೆತ್ತಿಕೊಂಡರು.

ಗುಟುಕು ಗುಟುಕಾಗಿ ಕುಡಿದು, ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟಳು. ಆದರೆ ಮೇಷ್ಟ್ರು ಅವಳ ಮುಖ ನೋಡುತ್ತಿರಲಿಲ್ಲ. ಹೊಟ್ಟೆಯನ್ನೇ ನೋಡುತ್ತಿದ್ದರು. ಅದು ಅಲುಗುತ್ತಿರಲಿಲ್ಲ.

"ಆಟೋ ಕರೀತೀನಿ, ಆಸ್ಪತ್ರೆಗೆ ಹೋಗೋಣ," ಎಂದು ಎದ್ದವರ ಕೈಯನ್ನು ಅವಳು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಂಗೈಗೆ ಫಟ್ಟನೆ ಒಂದು ಏಟು.

"ನಾನೇ ಒದೀಬೇಕು ಅಂತಿದ್ದೆ," ಎಂದಳು ಕ್ಷೀಣವಾಗಿ, "ಕಾಲಲ್ಲಿ ಶಕ್ತಿ ಇಲ್ಲ. ಸದ್ಯಕ್ಕೆ ಇದನ್ನ ಇಸ್ಕೊಳ್ಳಿ."