ಫಿರೋಜಾ ಕಲ್ಲಿನ ಸಾಕ್ಷಿ

ಹೆಂಡತಿ ವಾಪಸು ಬರುವ ದಿನವೇ ಕಟಿಂಗ್ ಶಾಪಿನ ಯಜಮಾನನ ಉಂಗುರದ ಕಲ್ಲು ಹಸಿರಾಗಿಹೋಗಿತ್ತು. ಯಜಮಾನ ಅಂದರೆ ಒಂದು ಕುರ್ಚಿ, ಒಂದು ಕನ್ನಡಿಗೆ ಯಜಮಾನ. ಅಂಗಡಿಯ ಹಿಂದಿನ ಮನೆಯಲ್ಲಿ ಆ ಪಟ್ಟ ಹೆಂಡತಿಯದೇ.

ತಂಗಿಯ ಕೂಸನ್ನು ನೋಡಿಕೊಳ್ಳಲು ಹೊರಟಾಗ ಅವಳೇ ಆ ಉಂಗುರ ತೊಡಿಸಿದ್ದಳು. ಆಕಾಶದ ಚೂರಿನಂಥ ನೀಲಿ ಫಿರೋಜಾ ಕಲ್ಲು. ಅಂಥದೇ ಇನ್ನೊಂದು ಅವಳ ಬೆರಳಿಗೂ. "ತಲೆನೋವಿಗೆ ಒಳ್ಳೇದಂತೆ, ಹಾಕ್ಕೊಂಡಿರಿ. ಬಂದ ಮೇಲೆ ಕಲ್ಲು ನೋಡ್ತೀನಿ. ನನ್ನ ನೆನಪು ಮಾಡ್ಕೊಂಡ್ರೋ ಇಲ್ವೋ, ಅದೇ ಹೇಳುತ್ತೆ," ಅಂದಿದ್ದಳು.

ಅಂದಿನಿಂದ ಅವನು ಅದನ್ನು ತೆಗೆದೇ ಇಲ್ಲ. ಗಿರಾಕಿಗಳ ತಲೆಗೆ ಎಣ್ಣೆ ತಿಕ್ಕುವಾಗಲೂ ಗಡ್ಡಕ್ಕೆ ಸೋಪು ಹಚ್ಚುವಾಗಲೂ ಅದು ಬೆರಳಲ್ಲೇ ಇತ್ತು. ತಲೆನೋವು ಬಂದರೆ ಹಣೆಗೆ ಒತ್ತಿಕೊಳ್ಳುತ್ತಿದ್ದ. ನೋವು ಹೋಗುತ್ತಿರಲಿಲ್ಲ, ಅವಳ ನೆನಪು ಮಾತ್ರ ಉಕ್ಕಿ ಬರುತ್ತಿತ್ತು. ಊಟಕ್ಕೆ ಮರೆತು ಎರಡು ತಟ್ಟೆ ಇಡುತ್ತಿದ್ದ, ಆಮೇಲೆ ಒಂದನ್ನು ಎತ್ತಿಡುತ್ತಿದ್ದ. ಅವಳ ಬೈಗುಳವಿಲ್ಲದೆ ಮನೆ ಬಿಕೋ ಅನ್ನುತ್ತಿತ್ತು.

ಅಂಥವನ ಕಲ್ಲು ಬಣ್ಣ ಬದಲಿಸುವುದೆಂದರೇನು?

ಪಕ್ಕದ ಅಂಗಡಿಯ ಟೈಲರಮ್ಮ ಸುದ್ದಿ ತಿಳಿದು ಓಡಿಬಂದಳು. ಬೀದಿಯವರು ಅವಳಿಗಿಟ್ಟ ಹೆಸರು ರೇಡಿಯೋ.

"ಅಯ್ಯೋ! ಫಿರೋಜಾ ಬಣ್ಣ ಬಿಟ್ರೆ ತೊಟ್ಟೋನ ಮನಸ್ಸು ಬೇರೆ ಕಡೆ ಹೋಗಿದೆ ಅಂತ ಅರ್ಥ. ಯಾರಪ್ಪ ಅವಳು?"

"ಯಾರೂ ಇಲ್ಲಮ್ಮ! ನನ್ನ ಮುಖ ನೋಡಿ, ಯಾರಾದ್ರೂ ಬರ್ತಾರಾ?"

ಅವಳು ಸಾವಕಾಶವಾಗಿ ನೋಡಿದಳು. "ಅದೂ ನಿಜ. ಆದ್ರೆ ಕಲ್ಲು ಸುಳ್ಳು ಹೇಳಲ್ವಲ್ಲ."

ಕುರ್ಚಿಯಲ್ಲಿ ಅರ್ಧ ಗಡ್ಡದೊಂದಿಗೆ ಕೂತಿದ್ದ ಮೇಷ್ಟ್ರು ನಿಂಬೆಹಣ್ಣು ತಿಕ್ಕಲು ಹೇಳಿದರು. ತಿಕ್ಕಿದ. ಇದ್ದ ಹೊಳಪೂ ಹೋಯಿತು. ಟೈಲರಮ್ಮ ಬಿಸಿ ಉಪ್ಪುನೀರಲ್ಲಿ ಅದ್ದಿಸಿದಳು. ಕಲ್ಲು ಬೂಷ್ಟು ಹಿಡಿದ ಬ್ರೆಡ್ಡಿನ ಹಾಗಾಯಿತು.

"ಕೂದಲಿಗೆ ಹಾಕೋ ಬಣ್ಣದಲ್ಲಿ ನೀಲಿ ಇಲ್ವೇನಯ್ಯಾ?" ಅಂದರು ಮೇಷ್ಟ್ರು.

"ಸುಮ್ನೆ ಕೂತ್ಕೊಳ್ಳಿ ಮೇಷ್ಟ್ರೇ, ಕತ್ತಿ ನಿಮ್ಮ ಗಂಟಲ ಹತ್ರ ಇದೆ."

ಆದರೆ ಅವನಿಗೇ ಸುಮ್ಮನಿರಲಾಗಲಿಲ್ಲ. ಮೇಷ್ಟ್ರನ್ನು ಅರ್ಧಕ್ಕೇ ಬಿಟ್ಟು ಒಡವೆ ಅಂಗಡಿಗೆ ಓಡಿದ. ಒಡವೆಯವನು ಕಲ್ಲನ್ನು ಭೂತಗನ್ನಡಿಯಲ್ಲಿ ನೋಡಿದ.

"ಇದು ಹಸಿರಾಗೋಕೆ ಕಾರಣ ಏನಂದ್ರೆ..."

"ಕಾರಣ ಬೇಡ ಸ್ವಾಮಿ, ನೀಲಿ ಬೇಕು!"

ಒಡವೆಯವನು ತೆಪ್ಪಗೆ ಹೊಸ ಕಲ್ಲು ಕೂರಿಸಿಕೊಟ್ಟ. ಹಳೆಯದನ್ನು ಇವನೇ ಚರಂಡಿಗೆ ಎಸೆದು, ಶನಿ ತೊಲಗಿತು ಅಂದುಕೊಂಡ. ಅಂಗಡಿಗೆ ವಾಪಸು ಬರುವಷ್ಟರಲ್ಲಿ ಮೇಷ್ಟ್ರು ಅರ್ಧ ಗಡ್ಡದಲ್ಲೇ ಎದ್ದು ಹೋಗಿದ್ದರು. ಉಳಿದದ್ದು ರೇಡಿಯೋ.

"ನಿಮ್ಮ ಕಾಲಿಗೆ ಬೀಳ್ತೀನಿ, ಅವಳ ಹತ್ರ ಬಾಯಿ ಬಿಡಬೇಡಿ."

"ನನ್ನ ಹೊಲಿಗೆ ಮಿಷನ್ ಆಣೆ!" ಅಂದಳು ಟೈಲರಮ್ಮ.

ಸಂಜೆ ಹೆಂಡತಿ ಬಂದಳು. ಚೀಲ ಕೆಳಗಿಟ್ಟವಳೇ ಅವನ ಕೈ ಹಿಡಿದುಕೊಂಡಳು. ಎಷ್ಟು ತಿಂಗಳಿಂದ ಹಂಬಲಿಸಿದ್ದ ಕೈ ಅದು! ಅವನ ಕಣ್ಣು ತುಂಬಿತು.

"ನೋಡೇ, ಎಷ್ಟು ನೀಲಿ!"

ಅವಳ ಮುಖ ಸಪ್ಪಗಾಯಿತು. ತನ್ನ ಕೈಯನ್ನು ಅವನ ಕೈಯ ಪಕ್ಕಕ್ಕಿಟ್ಟಳು. ಅವಳ ಕಲ್ಲು ಪಾಚಿಯಷ್ಟು ಹಸಿರಾಗಿತ್ತು.

"ಎಣ್ಣೆ, ಸೋಪು, ಬೆವರು ಕುಡಿದು ಇದು ಹಸಿರಾಗುತ್ತೆ. ನಮ್ಮಮ್ಮಂದೂ ಹಾಗೇ ಆಗಿತ್ತು. ಪಾಪುಗೆ ಎಣ್ಣೆ ಹಚ್ಚೋವಾಗ್ಲೂ ನಾನು ತೆಗೀಲಿಲ್ಲ. ನೀವು ಬಟ್ಟೇಲಿ ಸುತ್ತಿ ಪೆಟ್ಟಿಗೇಲಿ ಇಟ್ಟು, ನಾನು ಬರ್ತೀನಿ ಅಂತ ಇವತ್ತು ಹಾಕ್ಕೊಂಡ್ರಿ, ಅಲ್ವಾ?"

"ಇಲ್ಲ ಕಣೇ! ನಂದೂ ಹಸಿರಾಗಿತ್ತು! ಬೆಳಿಗ್ಗೆ ಇವರೇ ನೋಡಿದ್ದಾರೆ, ಕೇಳು!"

ಬಾಗಿಲಲ್ಲಿ ಇಣುಕುತ್ತಿದ್ದ ಟೈಲರಮ್ಮ ತುಟಿಯವರೆಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡಳು.

"ಹಸಿರೇ? ನಾನು ಕಂಡಾಗೆಲ್ಲ ನೀಲಿನೇಮ್ಮ," ಅಂದು, ಕೊಟ್ಟ ಮಾತು ಉಳಿಸಿಕೊಂಡೆ ನೋಡು ಎಂಬಂತೆ ಅವನತ್ತ ಕಣ್ಣು ಮಿಟುಕಿಸಿದಳು. ಹುಟ್ಟಿದಾಗಿನಿಂದ ಅವಳು ಕಾಪಾಡಿದ ಮೊದಲ ಗುಟ್ಟು ಅದು.

ಹೆಂಡತಿ ಅಡುಗೆಮನೆಗೆ ಹೋಗಿ ಊಟಕ್ಕೆ ಎರಡು ತಟ್ಟೆ ಇಟ್ಟಳು. ಆಮೇಲೆ ಒಂದನ್ನು ಎತ್ತಿಟ್ಟಳು.